ಹಾಸಿದ ಕರುಳು

ಅಧ್ಯಕ್ಷತೆ ವಹಿಸಿರುವ ನಮ್ಮ ಆಸ್ಪತ್ರೆಯ ನಿರ್ದೇಶಕರೇ, ವೇದಿಕೆಯ ಮೇಲಿನ ಗಣ್ಯರೇ, ಊಟದ ಘಮ ಮೂಗಿಗೆ ಬಡಿಯುತ್ತಿದ್ದರೂ ಕದಲದೆ ಕೂತಿರುವ ಸಭಿಕರೇ,

ಎಲ್ಲರಿಗಿಂತ ಬೇಗ ವರದಿ ಕೊಡುತ್ತದೆಂದು ನಮ್ಮ ಸ್ಕ್ಯಾನಿಂಗ್ ವಿಭಾಗಕ್ಕೆ ಈ ಸನ್ಮಾನ. ಮುಖ್ಯಸ್ಥೆಯಾದ ನನ್ನ ಕೈಗೆ ಫಲಕ ಕೊಟ್ಟಿದ್ದೀರಿ. ಈ ವೇಗ ಎಲ್ಲಿಂದ ಬಂತು? ದೊಡ್ಡ ಕರುಳು ಅಂಕುಡೊಂಕಿನ ಕೊಳವೆ. ಸ್ಕ್ಯಾನ್ ತೆಗೆದು, ಕಂಪ್ಯೂಟರಿನ ಚಿತ್ರದಲ್ಲಿ ಅದರೊಳಗೆ ಹೊಕ್ಕು ಹೊರಬರುವಷ್ಟರಲ್ಲಿ ನಮ್ಮ ಕಾಫಿ ಆರಿ ಹೋಗುತ್ತಿತ್ತು. ಈಗ ಯಂತ್ರವೇ ಆ ಕೊಳವೆಯ ಚಿತ್ರವನ್ನು ಉದ್ದಕ್ಕೆ ಸೀಳಿ ಚಾಪೆಯ ಹಾಗೆ ಹಾಸಿಕೊಡುತ್ತದೆ. ಒಂದು ನೋಟ, ಒಂದು ಸಹಿ, ಮುಂದಿನವರು ಬನ್ನಿ. ಸೀಳದ ಕೊಳವೆಯ ಚಿತ್ರವನ್ನು ಇನ್ನು ನೋಡಬೇಕಾಗಿಲ್ಲ ಎಂದು ನಿರ್ದೇಶಕರು ಆದೇಶವನ್ನೇ ಹೊರಡಿಸಿದರು. "ಹಾಸಿದ್ದು ನೋಡಿದ್ರೆ ಸಾಕು ಮೇಡಂ, ಸುಮ್ನೆ ಎರಡೆರಡು ಸಲ ಯಾಕೆ?" ಎಂದರು.

ಯಾಕೆಂದು ಈಗ ಹೇಳುತ್ತೇನೆ ಸಾರ್, ಮೈಕು ನನ್ನ ಕೈಯಲ್ಲಿದೆ.

ನಮ್ಮಮ್ಮ ಹಳೆಯ ಅಂಗಿಯ ತೋಳನ್ನು ಉದ್ದಕ್ಕೆ ಕತ್ತರಿಸಿ ಹಾಸುತ್ತಿದ್ದಳು. ಕತ್ತರಿಯ ದಾರಿಯಲ್ಲಿ ಹೂವಿದ್ದರೆ ಅರ್ಧ ಈ ಅಂಚಿಗೆ, ಅರ್ಧ ಆ ಅಂಚಿಗೆ. ಕಳೆದ ವಾರ ಒಬ್ಬ ಹೆಂಗಸಿನ ಕರುಳಿನಲ್ಲಿದ್ದ ಗಂಟಿಗೆ ಅದೇ ಗತಿಯಾಯಿತು. ಮೇಲಂಚಿನ ಅರ್ಧ ಬರೀ ಮಡಿಕೆಯಂತೆ ಕಂಡಿತು. ಕೆಳಂಚಿನ ಅರ್ಧವೂ ಮಡಿಕೆಯಂತೆಯೇ ಕಂಡಿತು. "ಏನೂ ತೊಂದರೆಯಿಲ್ಲ" ಎಂದು ವರದಿ ಬಂತು. ಬರೆದ ಹುಡುಗಿಯನ್ನು ಬೈಯಬೇಡಿ, ಆದೇಶ ಅಷ್ಟನ್ನೇ ನೋಡಲು ಹೇಳಿತ್ತು. ಆ ಹೆಂಗಸಿಗೆ ಸಮಾಧಾನವಾಗಲಿಲ್ಲ. ಆದೇಶವನ್ನು ಗಾಳಿಗೆ ತೂರಿ ಕೊಳವೆಯ ಚಿತ್ರ ತೆರೆದಳು. ಅಲ್ಲಿ ಗಂಟು ಇಡಿಯಾಗಿ ಕೂತಿತ್ತು.

ಅವಳಿಗೆ ಆ ಚಿತ್ರ ತೆರೆಯಲು ಹೇಗೆ ಬಂತು ಎಂದು ಹಿಂದೆ ಗುಸುಗುಸು ಕೇಳುತ್ತಿದೆ. ಬೇರೆಯವರ ಕಥೆಯೆಂಬಂತೆ ಹೇಳಿ ಇಳಿದುಬಿಡೋಣ ಎಂದುಕೊಂಡಿದ್ದೆ. ಆಗಲಿಲ್ಲ. ಆ ಕರುಳು ನನ್ನದು. ನಾಡಿದ್ದು ಆಪರೇಷನ್. ಮೂರನೇ ಸಾಲಿನಲ್ಲಿರುವ ನಮ್ಮ ಯಜಮಾನರಿಗೂ ಇದು ಗೊತ್ತಾಗುತ್ತಿರುವುದು ಈಗಲೇ. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ಹೆದರಿಕೆಯಾಗಿತ್ತು, ಈಗಲೂ ಇದೆ.

ಆದರೆ ಕೇಳಿ ಸಾರ್. ಕೊಳವೆಯನ್ನೂ ನೋಡದೆ ನನ್ನ ವಿಭಾಗದಿಂದ ಒಂದೇ ಒಂದು ವರದಿ ಹೊರಗೆ ಹೋಗುವುದಿಲ್ಲ. ನಾನು ಮಂಚದ ಮೇಲೆ ಮಲಗಿದ್ದರೂ ಹೋಗುವುದಿಲ್ಲ. ತಡವಾಗುತ್ತದೆಯೇ? ಆಗಲಿ. ಫಲಕ ವಾಪಸ್ ಬೇಕೇ? ಇಗೋ, ಮೇಜಿನ ಮೇಲಿಟ್ಟಿದ್ದೇನೆ. ಕೆಲಸದಿಂದ ತೆಗೆಯುತ್ತೀರಾ? ತೆಗೆಯಿರಿ. ಅದಕ್ಕೂ ಮೊದಲು, ನಿಮ್ಮ ಮನೆಯವರ ಕರುಳನ್ನು ಯಾವ ಚಿತ್ರದಲ್ಲಿ ನೋಡಿಸುತ್ತೀರಿ ಎಂದು ಈ ಸಭೆಗೆ ಹೇಳಿ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಋಣಿ, ನಮಸ್ಕಾರ. ರೀ, ನೀವು ಏಳ್ಬೇಡಿ, ಕೂತಿರಿ. ನಾನೇ ಕೆಳಗೆ ಬರ್ತೀನಿ.