ಸ್ಯಾಂಪಲ್ ಕೋಣೆಯ ಮೂವರು ಮೇಸ್ತ್ರಿಗಳು

ಉಣ್ಣೆಯ ಸ್ವೆಟರ್ ಮಾರಿಯೇ ಮೂರು ಅಂತಸ್ತಿನ ಮನೆ ಕಟ್ಟಿದ ಸಾಹುಕಾರನೊಬ್ಬನಿದ್ದ. ಊರು ಯಾವುದು ಅಂತ ಕೇಳಬೇಡಿ, ಹೇಳಿದರೆ ನಿಮ್ಮ ಬೀಗರೇ ಆದಾರು! ಅವನ ಅಂಗಡಿಯ ಸ್ವೆಟರ್ ಅಂದರೆ ಅಪ್ಪ ತೊಟ್ಟಿದ್ದನ್ನು ಮಗ ತೊಡಬೇಕು, ಅಂಥ ಗಟ್ಟಿ ಹೆಸರು. ಬೇಡಿಕೆ ಬೆಳೆಯಿತು, ಇಲ್ಲಿನ ಹೆಣಿಗೆಯವರ ಕೈ ಮೀರಿತು. ಹೊರದೇಶದ ಕಾರ್ಖಾನೆಯೊಂದಕ್ಕೆ ಕೆಲಸ ಒಪ್ಪಿಸೋಣವೆಂದು ಹೆಂಡತಿಯೊಡನೆ ವಿಮಾನ ಹತ್ತಿದ. ಮಾಲು ಕೆಟ್ಟರೆ ಮೂವತ್ತು ವರ್ಷದ ಹೆಸರು ಒಂದೇ ಚಳಿಗಾಲದಲ್ಲಿ ಮಣ್ಣುಪಾಲು. ಅದೇ ಅವನ ಅಂಜಿಕೆ.

ಮೊದಲ ಕಾರ್ಖಾನೆಯಲ್ಲಿ ಏನು ಉಪಚಾರ! ಮಾಲೀಕ ಬಾಗಿಲಿಗೇ ಬಂದು ಸೊಂಟ ಬಗ್ಗಿಸಿ ಕರೆದೊಯ್ದು ಚಹಾ ಕುಡಿಸಿದ. ಒಂದು ಸ್ವೆಟರ್ ತಂದು ಕೈಗಿಟ್ಟ. ಅಬ್ಬಬ್ಬಾ, ಬೆಣ್ಣೆ! ಸಾಹುಕಾರ ಕೆನ್ನೆಗೆ ಒತ್ತಿಕೊಂಡ, ಜೇಬಿನಿಂದ ಪೆನ್ನು ತೆಗೆದೇಬಿಟ್ಟ.

ಹೆಂಡತಿ ಸುಮ್ಮನಿರುತ್ತಾಳೆಯೇ? ಸಂತೆಯಲ್ಲಿ ಬುಟ್ಟಿಯ ತಳಕ್ಕೆ ಕೈ ಹಾಕದೆ ಬದನೆಕಾಯಿ ಕೊಂಡವಳಲ್ಲ ಅವಳು. “ತಡೀರಿ. ಇದನ್ನ ಹೆಣೆದವ್ರು ಯಾರು ಅಂತ ಕೇಳ್ರಿ,” ಅಂದಳು. ಜೊತೆಗಿದ್ದ ದುಭಾಷಿ ಕೇಳಿದ. ಮಾಲೀಕ ಎದೆಯುಬ್ಬಿಸಿ ಹೇಳಿದ: “ನಮ್ಮ ಸ್ಯಾಂಪಲ್ ಕೋಣೆಯಲ್ಲಿ ಮೂವರು ಮೇಸ್ತ್ರಿಗಳಿದ್ದಾರೆ. ಅವರು ಸ್ಯಾಂಪಲ್ ಮಾತ್ರ ಹೆಣೆಯುತ್ತಾರೆ, ಬೇರೆ ಮಾಲು ಮುಟ್ಟುವುದೇ ಇಲ್ಲ!”

ನೋಡಿ, ತಾನೇ ಹೇಳಿಬಿಟ್ಟ! “ಹಂಗಾರ ನಮ್ಮ ಮಾಲು ಹೆಣಿಯೋರು ಯಾರು?” ಅಂತ ಅವಳು ಕೇಳಿದರೆ ಮಾಲೀಕ ಇನ್ನೊಂದು ಸುತ್ತು ಚಹಾ ತರಿಸಿದ. “ಕಳಿಸೋ ಮಾಲಿನ ಗಂಟು ಒಂದು ಬಿಚ್ಚಿ ತೋರಿಸ್ರಿ,” ಅಂದರೆ ಬಿಸ್ಕತ್ತನ್ನೂ ತರಿಸಿದ. ಗಂಟು ಮಾತ್ರ ಬರಲಿಲ್ಲ.

ಎರಡನೆಯದು ಒಬ್ಬ ಹೆಂಗಸು ನಡೆಸುವ ಕಾರ್ಖಾನೆ. ಸ್ಯಾಂಪಲ್ ಎಲ್ಲಿ ಎಂದರೆ, “ಬೇರೆ ಇಟ್ಟಿಲ್ಲ. ಕಳಿಸಲು ಕಟ್ಟಿಟ್ಟ ಗಂಟುಗಳಿವೆ, ಯಾವುದು ಬೇಕೋ ಬಿಚ್ಚಿ,” ಅಂದಳು. ಸಾಹುಕಾರ ತಳದ ಗಂಟನ್ನೇ ಎಳೆದ. ಒಂದು, ಎರಡು, ಹತ್ತು, ಇಪ್ಪತ್ತು. ಎಲ್ಲವೂ ಒಂದೇ ಹದ, ಒಂದೇ ಬಿಗಿ. ಒಂದರ ತೋಳಿನಲ್ಲಿ ಎಳೆ ಸಡಿಲವಾಗಿತ್ತು. ಅವನಿಗಿಂತ ಮೊದಲು ಕಾರ್ಖಾನೆಯ ಒಡತಿಯೇ ಕಂಡು, ತೋಳು ಬಿಚ್ಚಿ ಮತ್ತೆ ಹೆಣೆಯಲು ಕಳಿಸಿದಳು. ಆದರೆ ಬೆಣ್ಣೆ? ಅಷ್ಟು ಬೆಣ್ಣೆ ಇರಲಿಲ್ಲ.

“ಆ ಮೊದಲನೇದು ಎಷ್ಟು ಛಂದ ಇತ್ತಲ್ಲ,” ಅಂತ ಸಾಹುಕಾರ ರಾಗ ಎಳೆದ.

“ಏನ್ರೀ, ಗಿರಾಕಿ ಸ್ಯಾಂಪಲ್ ತೊಡತಾನೋ, ಗಂಟಿನ್ಯಾಗಿಂದು ತೊಡತಾನೋ?” ಅಂದಳು ಹೆಂಡತಿ. ಸಾಹುಕಾರ ನಕ್ಕು ಅಲ್ಲೇ ಸಹಿ ಹಾಕಿದ.

ಕಥೆ ಮುಗಿಯಿತು ಅಂತ ಏಳಬೇಡಿ, ಕೂತ್ಕೊಳ್ಳಿ. ಹೋಟೆಲಿಗೆ ಬಂದವನೇ ಸಾಹುಕಾರ ಊರಿನ ದೊಡ್ಡ ಗಿರಾಕಿಗೆ ಫೋನ್ ಹಚ್ಚಿದ. “ಅಣ್ಣಾರ, ಆರಾಮ ಅದೀರೇನ್ರಿ? ಊಟ ಆತೇನ್ರಿ?” ಜೇನು ಸುರಿಯಿತು. ಫೋನ್ ಇಟ್ಟು ಹೆಂಡತಿಯತ್ತ ತಿರುಗಿದ. “ಏ, ನನ್ನ ಕನ್ನಡಕ ಎಲ್ಲಿ ಒಗದಿ? ಒಂದು ಕೆಲಸ ನೆಟ್ಟಗ ಬರಂಗಿಲ್ಲ ನಿನಗ!”

ಅವಳು ಸೊಂಟಕ್ಕೆ ಕೈಯಿಟ್ಟು ನಕ್ಕಳು. “ಅಲ್ರೀ, ಫೋನಿನ್ಯಾಗ ಮಾತಾಡಿದ್ದು ಸ್ಯಾಂಪಲ್ ಕೋಣಿ ಮೇಸ್ತ್ರಿ ಏನು? ನನ್ನ ಪಾಲಿಗೆ ಬಂದದ್ದು ಗಂಟಿನ ಮಾಲೇನು?”

ಸಾಹುಕಾರನಿಗೆ ನಾಚಿಕೆಯಾಯಿತು, ನಿಜವಾಗಿ ನಾಚಿಕೆಯಾಯಿತು. ಇಪ್ಪತ್ತೈದು ವರ್ಷ ಇವಳು ಬೇರೆ ಕಾರ್ಖಾನೆ ಹುಡುಕಿಕೊಂಡು ಹೋಗಲಿಲ್ಲವಲ್ಲ, ಅದೇ ನನ್ನ ಪುಣ್ಯ ಅಂದುಕೊಂಡ.

ನಗುತ್ತಿದ್ದೀರಿ. ನಗಿ. ಆದರೆ ಹೇಳಿ, ನಿಮ್ಮೊಳಗೂ ಒಂದು ಸ್ಯಾಂಪಲ್ ಕೋಣೆ ಇಲ್ಲವೇ? ಬೀಗರು ಬಂದಾಗ ಮಾತಾಡುವ ಮೇಸ್ತ್ರಿ ಯಾರು? ಸಾಹೇಬರ ಮುಂದೆ ಯಾರು? ಪ್ರವಚನ ಹೇಳಲು ಬಂದ ನನಗೂ ಈಗ ‘ಬರ್ರಿ ಅಪ್ಪಾರ’ ಅಂತ ಎಷ್ಟು ಮೆತ್ತಗೆ ಅಂದಿರಿ! ಮನೆಯವರು ಆ ದನಿ ಕೇಳಿ ಎಷ್ಟು ದಿನವಾಯಿತು? ತಾಯಂದಿರೇ, ಅಣ್ಣಂದಿರೇ, ನಿಮ್ಮನ್ನು ದಿನಾ ತೊಡುವವರು ಅವರು. ದೇವರೂ ಸ್ಯಾಂಪಲ್ ನೋಡಿ ಸಹಿ ಹಾಕುವವನಲ್ಲ, ತಳದ ಗಂಟನ್ನೇ ಎಳೆಯುತ್ತಾನೆ.

ದೊಡ್ಡ ವ್ರತವೇನೂ ಬೇಡ. ಇಲ್ಲಿಂದ ಮನೆಗೆ ಹೋದಾಗ ಬಾಗಿಲು ತೆರೆದವರೊಡನೆ, ನನ್ನ ಜೊತೆ ಆಡಿದ ದನಿಯಲ್ಲೇ ಮಾತಾಡಿ. ನಾಳೆ ಮಕ್ಕಳೊಡನೆ, ಅತ್ತೆಯೊಡನೆ, ಪಾತ್ರೆ ತೊಳೆಯಲು ಬರುವವಳೊಡನೆ ಅದೇ ದನಿ. ಬಾಯಿ ತಪ್ಪಿ ಗದರಿದಿರೋ, ಅಲ್ಲೇ ನಿಂತು ‘ತಪ್ಪಾತು’ ಅಂದು ಮತ್ತೊಮ್ಮೆ ಮೆತ್ತಗೆ ಹೇಳಿ. ಮೊದಲ ದಿನ ಮನೆಯವರು ಗಾಬರಿಯಾಗಿ ಹಣೆ ಮುಟ್ಟಿ ಜ್ವರ ನೋಡಿಯಾರು. ನೋಡಲಿ. ನೀವು ನಿಲ್ಲಿಸಬೇಡಿ.