ನಮ್ಮನೆಯೋರ ಮಾತೃಭಾಷೆ

ಇಬ್ಬರೇ ಅಂತ ಹೇಳಿದ್ನಲ್ಲ ಟೀಚರಮ್ಮ… ಇಬ್ಬರೇ. ನಾನು, ನಮ್ಮನೆಯೋರು. ಒಳಗೆ ಯಾರೂ ಇಲ್ಲ, ಆ ಸದ್ದು ಬೆಕ್ಕಿಂದು. ಜನಗಣತೀಲಿ ಬೆಕ್ಕನ್ನ ಎಣಿಸಲ್ಲ ತಾನೆ? ಹ್ಞಾಂ, ಮತ್ತೆ.

ವೆಂಕಟಮ್ಮ. ವಯಸ್ಸು ಐವತ್ತೊಂದು… ಎರಡು ಅಂತ್ಲೇ ಹಾಕ್ಕೊಳ್ಳಿ. ಹುಟ್ಟಿದ್ದು ಹಲಸೂರು. ಮಾತೃಭಾಷೆ ಕನ್ನಡ. ಮಕ್ಕಳಿಲ್ಲ, ಅಲ್ಲಿ ಗೀಟು ಹಾಕ್ಬಿಡಿ. ಅಯ್ಯೋ, ಮುಖ ಯಾಕೆ ಸಣ್ಣ ಮಾಡ್ತೀರಾ? ಎಲ್ಲರೂ ಕೇಳೋದೇ. ನಿಮಗಾದ್ರೆ ಕೇಳು ಅಂತ ಸರ್ಕಾರ ಹೇಳಿದೆ, ಮಿಕ್ಕೋರು ಪುಕ್ಕಟೆ ಕೇಳ್ತಾರೆ.

ಅವರ ಹೆಸರಾ? ಗಂಡನ ಹೆಸರು ನಾನು ಹೇಳ್ಬಾರ್ದು… ಕಾಲ ಬದಲಾಯ್ತು ಅಂತ ನನಗೂ ಗೊತ್ತು ಕಣಮ್ಮ. ತಗೊಳ್ಳಿ, ರೇಷನ್ ಕಾರ್ಡ್ ನೋಡ್ಕೊಳ್ಳಿ. ಏಳುಮಲೆ. ಹ್ಞೂಂ, ಲೆ. ಲೈ ಅಲ್ಲ. ನಮ್ಮ ಮಾದಪ್ಪನ ಏಳುಮಲೆ. ಅಪ್ಪಟ ಕನ್ನಡ ದೇವ್ರು. ಆ ತಿದ್ದಿರೋದಾ? ಅದು… ಯಾರೋ ತಪ್ಪು ಬರೆದಿದ್ರು, ಆಮೇಲೆ ಸರಿಮಾಡಿದ್ರು.

ಕೆಲಸ ಟೈಲರ್. ಶಿವಾಜಿನಗರದಲ್ಲಿ ವಾಜಿದ್ ಭಾಯ್ ಅಂಗಡಿ. ಮೂವತ್ತು ವರ್ಷದಿಂದ ಲೇಡೀಸ್ ಬ್ಲೌಸು. ಬೆಳಿಗ್ಗೆ ಎಂಟಕ್ಕೆ ಇಲ್ಲಿ ಕೆ.ಆರ್. ಪುರದಲ್ಲಿ ಬಸ್ ಹತ್ತಿದ್ರೆ ಸಂಜೆ ಏಳಕ್ಕೆ ಮನೆ.

ಅಂಗವೈಕಲ್ಯ… ಇದೆ. ಮಾತು ಬರಲ್ಲ. ಮೂಗರು. ಬರ್ಕೊಳ್ಳಿ. ಚಿಕ್ಕವರಿದ್ದಾಗ ಜ್ವರ ಬಂದು ಮಾತು ಹೋಯ್ತಂತೆ. ಕಿವಿ ಚೆನ್ನಾಗಿ ಕೇಳುತ್ತೆ. ಬೇಕಾದ್ರೆ ಪಕ್ಕದ್ಮನೆ ಜಟ್ಟೆಮ್ಮನ್ನ ಕೇಳಿ, ಅವಳ ಮೊಮ್ಮಗಳು ನಿಮ್ಮ ಕ್ಲಾಸೇ ಅಲ್ವಾ? ಈ ಬೀದೀಲಿ ಎಲ್ಲರಿಗೂ ಗೊತ್ತು, ಟೈಲರ್ ಮೂಗ ಅಂದ್ರೆ.

ಅವರ ಮಾತೃಭಾಷೇನಾ? ಮಾತೇ ಇಲ್ಲ ಅಂದ್ಮೇಲೆ ಮಾತೃಭಾಷೆ ಎಲ್ಲಿಂದ ತರೋದು ಟೀಚರಮ್ಮ? ಓ… ಅಂಥೋರಿಗೆ ಅವರ ತಾಯಿ ಭಾಷೆ ಬರೀಬೇಕು ಅಂತ ನಿಮ್ಮ ಪುಸ್ತಕದಲ್ಲಿದೆಯಾ? ಅವರ ತಾಯಿ… ಅವರೂ ಅಷ್ಟೇ. ಜಾಸ್ತಿ ಮಾತಾಡ್ತಿರಲಿಲ್ಲ. ಕನ್ನಡ ಅಂತ ಹಾಕಿ.

ಯಾಕೆ ಹಾಗೆ ನೋಡ್ತೀರಾ? ಮೂಗರನ್ನ ಯಾಕೆ ಕಟ್ಕೊಂಡೆ ಅಂತಾನಾ? ಯಾರೂ ಕಟ್ಟಿದ್ದಲ್ಲ, ನಾನೇ ಇಷ್ಟಪಟ್ಟಿದ್ದು! ನಮ್ಮಮ್ಮ ರಸೆಲ್ ಮಾರ್ಕೆಟ್‌ನಲ್ಲಿ ಸೊಪ್ಪು ಮಾರೋಳು. ನಾನು ಪಕ್ಕದಲ್ಲಿ ಕೂತು ಕಟ್ಟು ಕಟ್ಟೋಳು. ಇವರು ಅಂಗಡಿ ಮುಗಿಸಿ ದಿನಾ ಬರೋರು. ಒಂದಿನ ಕೊತ್ತಂಬರಿ ಕಟ್ಟು ಎತ್ತಿ, ಹಿಂದೆ ಮುಂದೆ ತಿರುಗಿಸಿ, ನಮ್ಮಮ್ಮನಿಗೆ ಏನಂದ್ರು ಗೊತ್ತಾ? "ಅಮ್ಮಾ, ದಾರ ನಮ್ಮಂಗಡೀಲೇ ಬೇಕಾದಷ್ಟಿದೆ, ಸ್ವಲ್ಪ ಸೊಪ್ಪು ಕೊಡಿ." ಮಾರ್ಕೆಟ್ಟಿಗೆ ಮಾರ್ಕೆಟ್ಟೇ ನಕ್ಕಿತ್ತು. ನೀವೂ ನಗ್ತೀರಾ? ನಗ್ರಿ, ನಗ್ರಿ. ಆಗ್ಲೇ ನಾನು…

ಯಾಕೆ ನಗು ನಿಲ್ಲಿಸಿದ್ರಿ?

ಓ.

ಹ್ಞೂಂ… ಅಂದ್ರು. ಬಾಯಲ್ಲೇ ಅಂದ್ರು.

ನೋಡಿ, ಜ್ವರ ಬಂದಿದ್ದು ಚಿಕ್ಕವರಿದ್ದಾಗ ಅಲ್ಲ. ಆಮೇಲೆ. ಮದುವೆಯಾದ್ಮೇಲೆ. ದೊಡ್ಡ ಜ್ವರ… ಆ ಪೆನ್ನಿನ ಮುಚ್ಚಳ ಯಾಕಮ್ಮ ಹಾಕ್ತಿದೀರಾ? ಬರೀರಿ. ಬರ್ಯಲ್ವಾ? ಸರಿ. ಜ್ವರ ಅಲ್ಲ.

ಕಾವೇರಿ ಗಲಾಟೆ ನಿಮಗೆ ನೆನಪಿದೆಯಾ? ತೊಂಬತ್ತೊಂದರ ಡಿಸೆಂಬರ್. ನೀವಾಗ ಸ್ಕೂಲಿಗೆ ಹೋಗ್ತಿದ್ರೇನೋ, ರಜೆ ಸಿಕ್ಕಿರುತ್ತೆ. ನಾವು ಮರ್ಫಿ ಟೌನ್ ಬಿಟ್ಟು ಈ ಮನೆಗೆ ಬಂದು ಎರಡೇ ತಿಂಗಳು. ಮರ್ಫಿ ಟೌನಲ್ಲಿ ಭಾಷೆ ಅಂತ ಯಾರೂ ಕೇಳ್ತಿರಲಿಲ್ಲಮ್ಮ. ನಲ್ಲಿ ಹತ್ರ ಜಗಳ ಆದ್ರೆ ಯಾವ ಭಾಷೇಲಿ ಬೈಗುಳ ಚೆನ್ನಾಗಿದೆಯೋ ಆ ಭಾಷೆ, ಅಷ್ಟೇ. ಇಲ್ಲಿ ಹೊಸ ಬೀದಿ. ನಮ್ಮನ್ನ ಯಾರಿಗೂ ಗೊತ್ತಿಲ್ಲ, ಇವರು ತಿರುವಣ್ಣಾಮಲೆ ಕಡೆಯೋರು ಅಂತಲೂ ಗೊತ್ತಿಲ್ಲ.

ಅವತ್ತು ಅಂಗಡಿ ಮುಚ್ಚಿತ್ತು, ಇವರು ಮನೇಲೇ. ಮಧ್ಯಾಹ್ನ ಊಟದ ಹೊತ್ತಿಗೆ ಒಂದೇಳೆಂಟು ಹುಡುಗರು ಬಂದ್ರು. ಒಬ್ಬನ ಕೈಯಲ್ಲಿ ಕ್ರಿಕೆಟ್ ಸ್ಟಂಪು. ಮನೆಮನೆ ಮುಂದೆ ನಿಂತು ಗಂಡಸರನ್ನ ಕರ್ದು, ಕನ್ನಡ ಮಾತಾಡು ಅನ್ನೋರು. ಮೊದಲು ಜಟ್ಟೆಮ್ಮನ ಮನೆ. ಅವಳ ಗಂಡ ಹುಲಿಗೆಪ್ಪ ರಾಯಚೂರು ಕಡೆಯೋನು. ಪಾಪ, ಕೈಮುಗಿದು, "ನಾ ಕನ್ನಡದಾವನೇ ಅದೀನ್ರೀ ಯಪ್ಪಾ, ಯಾಕ ಹಿಂಗ ಮಾಡಾಕತ್ತೀರಿ" ಅಂದ. ಸ್ಟಂಪಿನ ಹುಡುಗ, "ಏಯ್, ಇದ್ಯಾವ ಭಾಷೆಲೇ?" ಅಂದ. ಹುಲಿಗೆಪ್ಪನ ಕನ್ನಡ ಕನ್ನಡಾನೇ ಅಂತ ತೀರ್ಮಾನ ಆಗೋಕೆ ಹತ್ತು ನಿಮಿಷ ಹಿಡೀತು.

ನಾನು ಕಿಟಕೀಲಿ ನೋಡ್ತಿದ್ದೆ. ಕನ್ನಡದೋನಿಗೇ ಹತ್ತು ನಿಮಿಷ ಅಂದ್ರೆ ಇವರ ಗತಿ ಏನು? ಇವರ ಕನ್ನಡ ಚೆನ್ನಾಗೇ ಇತ್ತಮ್ಮ. ಆದ್ರೆ ಗಾಬರಿಯಾದ್ರೆ ತಮಿಳು ಬಂದ್ಬಿಡೋದು. ಅವತ್ತು ಗಾಬರಿಯಾಗಿತ್ತು.

ಗೇಟ್ ಹತ್ರ ಬಂದ್ರು. ಇವರ ಬಾಯಿ ತೆರೀತು. ನಾನು ಮುಂದೆ ನಿಂತು, "ಇವರು ಮೂಗರು ಕಣ್ರಪ್ಪಾ" ಅಂದ್ಬಿಟ್ಟೆ. ಹೇಗೆ ಹೊಳೀತೋ ಗೊತ್ತಿಲ್ಲ. ಆ ಹುಡುಗ ನಂಬಲಿಲ್ಲ. ಸ್ಟಂಪಲ್ಲಿ ಮೊಣಕಾಲ ಕೆಳಗೆ ಒಂದು ಬಿಟ್ಟ. ಇವರು ಕೂತ್ಬಿಟ್ರು, ಆದ್ರೆ ಬಾಯಿಬಿಡಲಿಲ್ಲ. ಅಮ್ಮಾ ಅಂದಿದ್ರೂ ನಡೀತಿತ್ತು. ಅಮ್ಮಾ ಎರಡು ಭಾಷೇಲೂ ಅಮ್ಮಾನೇ. ಆ ಹೊತ್ತಲ್ಲಿ ಅದು ಯಾರಿಗೆ ಹೊಳೆಯುತ್ತೆ?

ಆಮೇಲೆ ಹೋದ್ರು. ಒಬ್ಬ ನೀರು ಕೇಳ್ದ, ಕೊಟ್ಟೆ. ಬೋರ್‌ವೆಲ್ ನೀರು. ಈ ಕಡೆ ಕಾವೇರಿ ಎಲ್ಲಿತ್ತು ಆಗ?

ಅಷ್ಟೇ ಟೀಚರಮ್ಮ. ಅವತ್ತಿಂದ ಇವರು ಮಾತಾಡಲಿಲ್ಲ. ಭಯಕ್ಕೆ ಮಾತು ನಿಂತ್ಹೋಯ್ತು. ಡಾಕ್ಟರಿಗೆ ತೋರಿಸ್ದೆ, ಟಾರ್ಚ್ ಹಾಕಿ ನೋಡಿ ಗಂಟಲಲ್ಲಿ ಏನೂ ದೋಷ ಇಲ್ಲ ಅಂದ್ರು. ಹರಕೆ ಹೊತ್ತೆ. ಒಂಬತ್ತು ವರ್ಷ ಆಯ್ತು. ಕೆಟ್ಟೋರಲ್ಲಮ್ಮ, ಕೆಲಸಕ್ಕೆ ಹೋಗ್ತಾರೆ, ಬರ್ತಾರೆ, ಶುಕ್ರವಾರ ಮಲ್ಲಿಗೆ ಹೂ ತಂದು ಗೂಡಲ್ಲಿಡ್ತಾರೆ. ಸಾರಿಗೆ ಉಪ್ಪು ಕಮ್ಮಿಯಾದ್ರೆ ತಾವೇ ಎದ್ದು ಹಾಕ್ಕೊತಾರೆ. ಮಾತಿಲ್ಲ. ಹಾಗಾಗಿ ಮೂಗರು ಅಂತ ಬರೆದ್ರೆ ಸುಳ್ಳೇನಾಗಲ್ಲ.

…

ಪೆನ್ನಿನ ಮುಚ್ಚಳ ಇನ್ನೂ ತೆಗೀಲಿಲ್ವಾ? ಕಾಫಿ ತಣ್ಣಗಾಗ್ತಿದೆ.

ಮೂಗರಾದ್ರೆ ಅಂಗಡೀಲಿ ಹೆಂಗಸರ ಅಳತೆ, ಅವರ ತಕರಾರು ಎಲ್ಲ ಹೇಗೆ ಅಂತ ತಾನೆ? ನೀವು ಕೇಳಲಿಲ್ಲ, ಆದ್ರೆ ಅದೇ ಯೋಚನೆ ಮಾಡ್ತಿದೀರಾ. ಟೀಚರು ನೀವು.

ನಾನೂ ಮೂರು ವರ್ಷ ಯೋಚನೆ ಮಾಡಿರಲಿಲ್ಲ. ಒಂದಿನ ಊಟದ ಕ್ಯಾರಿಯರ್ ಮರೆತು ಹೋಗಿದ್ರು. ತಗೊಂಡು ಶಿವಾಜಿನಗರಕ್ಕೆ ಹೋದೆ. ಅಂಗಡಿ ಮೆಟ್ಟಿಲ ಹತ್ರ ಹೋಗ್ತಿದ್ದ ಹಾಗೇ ಕೇಳಿಸ್ತು. ಅದೇ ಗಂಟಲು. ವಾಜಿದ್ ಭಾಯಿಗೆ ಏನೋ ಹೇಳ್ತಿದ್ರು. ಅರ್ಧ ಉರ್ದು, ಅರ್ಧ ತಮಿಳು, ಮಧ್ಯೆ ಒಂದು ಕನ್ನಡದ ಬೈಗುಳ. ವಾಜಿದ್ ಭಾಯ್ ಹೊಟ್ಟೆ ಹಿಡ್ಕೊಂಡು ನಗ್ತಿದ್ರು. ಇವರೂ ನಗ್ತಿದ್ರು. ನಾನು ಅಲ್ಲೇ ಎಷ್ಟೊತ್ತು ನಿಂತಿದ್ನೋ… ಒಳಗೆ ಹೋಗಲಿಲ್ಲ. ಮೂಲೇಲಿ ಹೂ ಮಾರ್ತಿದ್ದ ಶಕೀಲಾ ಅಂತ ಒಬ್ಬಳ ಕೈಗೆ ಕ್ಯಾರಿಯರ್ ಕೊಟ್ಟು, ಟೈಲರಿಗೆ ಕೊಡಮ್ಮ ಅಂದು ಬಸ್ ಹತ್ತಿದೆ. ಸಂಜೆ ಬಂದ್ರು. ಊಟ ಆಯ್ತಾ ಅಂದೆ. ತಲೆ ಆಡಿಸಿದ್ರು.

ಅವರಿಗೆ ಮಾತು ಬರುತ್ತೆ ಟೀಚರಮ್ಮ. ಎಲ್ಲರ ಹತ್ರಾನೂ ಬರುತ್ತೆ. ಈ ಬೀದಿ ದಾಟಿದ್ರೆ ಸಾಕು.

ಭಯ ಆಗಿದ್ರೆ ಮನೆ ಒಳಗಾದ್ರೂ ಪಿಸುಗುಡ್ತಿದ್ರು ಅಲ್ವಾ… ಹ್ಞೂಂ. ನೀವು ಹಾಗೇ ನೋಡ್ತಾ ಕೂತ್ರೆ ನಾನು ಏನು ಮಾಡ್ಲಿ? ಹೇಳ್ಬಿಡ್ತೀನಿ.

ಸ್ಟಂಪಲ್ಲಿ ಹೊಡೆದ್ಮೇಲೂ ಆ ಹುಡುಗನಿಗೆ ಅನುಮಾನ ಇತ್ತು. ನಂಬಿಸ್ಬೇಕಿತ್ತು. ಅದಕ್ಕೆ ಬೈಯೋಕೆ ಶುರು ಮಾಡ್ದೆ, ಇವರನ್ನ. "ಈ ಮೂಗನ್ನ ಕಟ್ಕೊಂಡು ಹಾಳಾದೆ ಕಣ್ರೋ. ಯಾತಕ್ಕೂ ಬಾರದ ಗಂಡಸು. ಹೆಂಗಸರ ರವಿಕೆ ಹೊಲಿಯೋದು ಬಿಟ್ರೆ ಏನೂ ಬರಲ್ಲ. ಮಾತೂ ಇಲ್ಲ, ಮಕ್ಕಳೂ ಇಲ್ಲ." ಹುಡುಗರು ಬಿದ್ದುಬಿದ್ದು ನಕ್ರು. ಆಗ್ಲೇ ನಂಬಿದ್ರು. ನೀರು ಕುಡಿದು ಹೋದ್ರು.

ಇವರು ನೆಲದ ಮೇಲೆ ಕೂತಿದ್ರು, ಕಾಲು ಹಿಡ್ಕೊಂಡು.

ಹುಡುಗರು ಬೀದಿ ತಿರುವು ದಾಟಿದ್ರು ಟೀಚರಮ್ಮ. ಗೇಟ್ ಮುಚ್ಚಿತ್ತು. ಯಾರೂ ಇರಲಿಲ್ಲ. ಆದ್ರೂ ನಾನು ನಿಲ್ಲಿಸಿರಲಿಲ್ಲ. ಇನ್ನೂ ಬೈತಾ ಇದ್ದೆ. ಇಪ್ಪತ್ತು ವರ್ಷ ಹೊಟ್ಟೇಲಿದ್ದಿದ್ದೆಲ್ಲ ಬಂತು. ಮಕ್ಕಳ ವಿಷಯ, ನಮ್ಮಮ್ಮ ಬೇಡ ಅಂದಿದ್ದು, ಎಲ್ಲ. ಯಾರನ್ನ ನಂಬಿಸೋಕೆ ಅಂತ ನನ್ನ ಕೇಳ್ಬೇಡಿ. ಇವರು ತಲೆಯೆತ್ತಿ ಒಂದ್ಸಲ ನೋಡಿದ್ರು. ಆಮೇಲೆ ನಾನು ನಿಲ್ಲಿಸ್ದೆ.

ಕ್ಷಮಿಸಿ ಅಂತ ಹೇಳಿದೀನಮ್ಮ. ಎಷ್ಟೋ ಸಲ. ತಲೆ ಆಡಿಸ್ತಾರೆ.

ಹೊರಟ್ರಾ? ಕೂತ್ಕೊಳ್ಳಿ, ಒಂದು ನಿಮಿಷ. ಆ ಮೂಗರು ಅನ್ನೋದನ್ನ ಹೊಡೆದಾಕ್ಬಿಡಿ. ಕನ್ನಡ ಅನ್ನೋದನ್ನೂ. ಏನು ಬರೀಬೇಕು ಅಂತ ನಾನು ಹೇಳಲ್ಲ, ಅವರ ಪರವಾಗಿ ಹೇಳಿದ್ದು ಸಾಕು. ಭಾನುವಾರ ಬರ್ತೀರಾ? ಅವರು ಮನೇಲೇ ಇರ್ತಾರೆ. ನೀವೇ ಕೇಳಿ. ನಿಮಗಾದ್ರೆ ಉತ್ತರ ಕೊಟ್ಟಾರು, ಈ ಬೀದಿ ಹೊರಗಿನೋರು ನೀವು, ಅದೂ ಸರ್ಕಾರದ ಕೆಲಸ. ಇಲ್ಲೇ, ಈ ಜಗಲಿ ಮೇಲೆ ಕೂರಿಸ್ಕೊಂಡು ಕೇಳಿ. ಹೆಸರು, ವಯಸ್ಸು, ಊರು, ಯಾವಾಗ ಬಂದ್ರಿ, ಯಾಕೆ ಬಂದ್ರಿ, ನಿಮ್ಮ ಕಾಗದದಲ್ಲಿ ಏನೇನಿದೆಯೋ ಅಷ್ಟೂ. ಬೇಗ ಮುಗಿಸ್ಬೇಡಿ. ಉತ್ತರ ಗೊತ್ತಾದ್ರೂ ಇನ್ನೊಂದ್ಸಲ ಹೇಳಿ ಅನ್ನಿ.

ನಾನು ಅಡುಗೆಮನೇಲಿರ್ತೀನಿ. ಏನೂ ಸದ್ದು ಮಾಡಲ್ಲ.