ಕಬ್ಬಿನ ಟ್ರಾಕ್ಟರ್ ಹಿಂದೆ ಇಪ್ಪತ್ತು ನಿಮಿಷ

...ಇಲ್ಲ ಸಾ, ಕಬ್ಬು ಕದಿಯಕ್ಕಲ್ಲ ನಾನು ಓಡಿದ್ದು! ದೇವ್ರಾಣೆಗೂ! ಯಾರು ಹೇಳುದ್ರು, ಡ್ರೈವರ್ ಹೊನ್ನಪ್ಪಣ್ಣನಾ? ಅವ್ನ ಟ್ರಾಕ್ಟರ್ ಹಿಂದೆ ಓಡಿದ್ದು ನಿಜ. ಒಂದು ಜಲ್ಲೆ... ಆಯ್ತು, ಎಲ್ಡು ಜಲ್ಲೆ ಕಿತ್ಕೊಂಡಿರ್ಬೋದು. ಯಾಕ್ ಸಾ ಅಂಗ್ ನೋಡ್ತೀರಾ?

ನೀವೇ ತಾನೆ ಹೇಳಿದ್ದು? 'ಚಿಕ್ಕಸ್ವಾಮಿ, ಈ ಎರಡು ತಿಂಗಳು ಬುನಾದಿ ಹಾಕೋ ಕಾಲ ಕಣೋ. ದಿನಾ ನಿಧಾನಕ್ಕೆ ಓಡು. ವಾರಕ್ಕೆ ಒಂದೇ ದಿನ ಟೆಂಪೋ ಓಟ. ಇಪ್ಪತ್ತು ನಿಮಿಷ, ಒಂದೇ ವೇಗ, ಉಸಿರು ಬಿಗೀಬೇಕು, ಕಟ್ಟಬಾರದು' ಅಂತ. ನೀವೇನೋ ಸ್ಟಾಪ್‌ವಾಚ್ ಇಡ್ಕೊಂಡು ಹೇಳ್ಬುಟ್ರಿ. ತೊಣ್ಣೂರ್ ರೋಡಲ್ಲಿ ನನ್ಗೆ ವೇಗ ಹೇಳೋರ್ ಯಾರು ಸಾ? ಎಮ್ಮೆನಾ?

ಅದ್ಕೇ ಟ್ರಾಕ್ಟರು! ಎಲ್ಡು ಟ್ರೈಲರ್ ತುಂಬ ಕಬ್ಬು ಏರ್ಕೊಂಡು ಫ್ಯಾಕ್ಟ್ರಿಗೆ ಹೋಗೋ ಟ್ರಾಕ್ಟರು ಜಾಸ್ತಿನೂ ಓಡಲ್ಲ, ಕಮ್ಮಿನೂ ಓಡಲ್ಲ. ಕೆರೆ ಏರಿ ತಾವ ಹಿಂದೆ ಬಿದ್ರೆ ಇಪ್ಪತ್ತು ನಿಮಿಷಕ್ಕೆ ಸರ್ಯಾಗಿ ಹುಣ್ಸೆಮರದ ಸ್ಟಾಪು. ನಗ್ಬ್ಯಾಡಿ ಸಾ! ಹೊನ್ನಪ್ಪಣ್ಣ ಹಿಂದಕ್ ತಿರುಗಿ ಬೈತಾನೆ, ಬೈಯೋ ಭರದಲ್ಲಿ ಎಕ್ಸಲೇಟರ್ ಒತ್ಬುಡ್ತಾನೆ. ನಾನ್ ಬುಡ್ತೀನಾ? ಆಮ್ಯಾಕೆ ಅದು ಟೆಂಪೋ ಅಲ್ಲ ಸಾ, ರೇಸು!

ವಾರಕ್ಕೆ ಎಷ್ಟು ದಿನ ಅಂದ್ರಾ? ಒಂದೇ. ಗುರುವಾರ. ...ಸೋಮಾರನೂ ಕಂಡ್ನಂತಾ? ಸೋಮಾರ... ಅವತ್ತು ಗುರುವಾರದ್ದು ಬಾಕಿ ಇತ್ತು. ಬುಧ್ವಾರನಾ? ಅದು ನಾನಲ್ಲ ಸಾ, ನಮ್ಮೂರಲ್ಲಿ ನನ್ನಂಗೇ ಇನ್ನೊಬ್ಬ ಅವ್ನೆ!

ಅದೆಲ್ಲ ಬುಡಿ ಸಾ. ಹೋದೊರ್ಸ, ತೊಂಬತ್ನಾಕರಲ್ಲಿ, ಮಂಡ್ಯದ ಕಾಲೇಜು ಓಟದಲ್ಲಿ ಮೂರನೇವ್ನಾಗಿ ಬಂದೆ. ಈ ಸರ್ತಿ ನಮ್ ಕಾಲೇಜಿಂದ ಒಬ್ಬನ್ನೇ ಕಳ್ಸೋದಂತೆ. ಆ ಫಾರಂನಲ್ಲಿ ಹೆಸ್ರು ಬರ್ಯೋದು ನಂದೇ ತಾನೆ? ಆ ರಘುನಂದನ್‌ದು ಅಲ್ವಲ್ಲಾ? ನೀವ್ ಹೇಳ್ದಂಗೇ ನಿಧಾನಕ್ಕೆ ಓಡ್ತಾನೆ ಸಾ ಆ ಬಡ್ಡೆತ್ತೋನು... ತಪ್ಪಾಯ್ತು ಸಾ, ಬಾಯಿಗ್ ಬಂದ್ಬುಡ್ತು.

ಯಾಕ್ ಸಾ ಬಗ್ಗಿದ್ರಿ? ಅಯ್ಯೋ, ನನ್ ಕಾಲ್ ಯಾಕ್ ಮುಟ್ತೀರಾ, ನೀವು ಗುರುಗಳು! ಮೊಣಕಾಲಿಂದ ಕೆಳಿಕ್ಕಾ? ಏನೂ ಇಲ್ಲ. ಅಲ್ಲೂ ಏನಿಲ್ಲ. ಅಲ್ಲಿ... ಅಯ್ಯಪ್ಪಾ!... ಕಚಗುಳಿ ಸಾ. ಕಚಗುಳಿ ಆಯ್ತು. ಕಣ್ಣಲ್ಲಿ ನೀರಾ? ನಕ್ಕಿದ್ದಕ್ಕೆ ಬಂದಿದ್ದು.

ಸಾ... ಏನಾರ ಅನ್ನಿ ಸಾ. ಬೈರಿ. ಒಂದೇಟು ವಡೀರಿ. ಇಂಗೆ ಮೂಳೆ ಮ್ಯಾಲೆ ಎಬ್ಬೆಟ್ಟು ಇಟ್ಕೊಂಡು ಸುಮ್ನೆ ಕುಂತ್ಕಬ್ಯಾಡಿ...

ಹದ್ನೆಂಟು ದಿನ ಸಾ. ದಿನಾ ಟ್ರಾಕ್ಟರ್ ಹಿಂದೆನೇ ಓಡ್ದೆ. ನಿಧಾನಕ್ಕೆ ಓಡೋವಾಗೆಲ್ಲ ರಘು ನನ್ನ ದಾಟ್ಕೊಂಡು ಹೋಗ್ಬುಡ್ತಾನೆ ಅನ್ಸೋದು. ಹೆದ್ರಿಕೆ ಸಾ, ಬರೀ ಹೆದ್ರಿಕೆ. ಒಂದ್ವಾರದಿಂದ ಮೆಟ್ಲು ಹತ್ತಕ್ಕೂ ಆಯ್ತಿಲ್ಲ. ಆದ್ರೂ ಓಡ್ತೀನಿ ಸಾ, ಮಂಡ್ಯದಲ್ಲಿ ಓಡೇ ಓಡ್ತೀನಿ...

ಸಾ, ಆ ಪೆನ್ನಿನ ಕ್ಯಾಪು ತೆಗೀಬ್ಯಾಡಿ ಸಾ.